ಕಿತ್ತ ಹಲ್ಲು, ನೆಟ್ಟ ಬೇರು

ಕುಮಟೆಯಿಂದ ಶಿರಸಿಯ ಕಡೆಗೆ ಘಟ್ಟವೇರುವ ಹಾದಿಯನ್ನು ಬಿಟ್ಟು ಯಾಣದ ಕಾಡನ್ನು ಹೊಕ್ಕವರಿಗೆ ಅಲ್ಲಿಯ ಎರಡು ಕರಿಯ ಶಿಖರಗಳು ಒಮ್ಮೆಲೆ ಎದುರಾಗುವುವು. 120 ಮೀಟರಿನಷ್ಟು ಎತ್ತರದ ಭೈರವೇಶ್ವರ ಶಿಖರವೂ, ಅದಕ್ಕಿಂತ ತುಸು ಕಿರಿದಾದ ಮೋಹಿನೀ ಶಿಖರವೂ ಹಸಿರು ಒಸಡಿನಿಂದ ಮೇಲೆದ್ದ ಕೋರೆಹಲ್ಲುಗಳಂತೆ ತೋರುವುವೆಂದು ನೋಡಿದವರು ಹೇಳುವುದು ಸಹಜವೇ ಸರಿ. ಸುಣ್ಣಕಲ್ಲಿನ ಆ ಬಂಡೆಗಳು ಮಳೆಗಾಳಿಗಳಿಗೆ ಸವೆದು ಮೊನಚಾದವು. ಸೊಕ್ಕಿದ್ದವನು ಯಾಣಕ್ಕೆ ಹೋಗುವನು, ರೊಕ್ಕವಿದ್ದವನು ಗೋಕರ್ಣಕ್ಕೆ ಹೋಗುವನು ಎಂಬ ಗಾದೆಯು ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತಿದ್ದುದೇ. ಸೊಕ್ಕೆಂದರೆ ಇಲ್ಲಿ ಮೈಯ ಕಸುವು. ಅಂಥ ಕಾಡಿನ ಊರಿನಲ್ಲಿ ರಾತ್ರಿ ದವಡೆಯ ಹಲ್ಲು ಸಿಡಿಯತೊಡಗಿದರೆ ಮನುಷ್ಯನು ಏನು ಮಾಡಿಯಾನು? ಲವಂಗವನ್ನು ಕಚ್ಚಿಕೊಂಡು, ಉಪ್ಪುನೀರು ಮುಕ್ಕಳಿಸಿ, ಬೆಳಗಾಗುವುದನ್ನು ಕಾಯಬೇಕು. ಹಲ್ಲು ಅಲುಗಾಡುತ್ತಿದ್ದರೆ ದಾರ ಕಟ್ಟಿ ಕಿತ್ತು ಒಗೆಯಬೇಕು. ಕುಳಿಗೆ ಹತ್ತಿಯನ್ನು ಒತ್ತಬೇಕು. ಹತ್ತಿಗಂತೂ ನಮ್ಮ ಕರಾವಳಿಯಲ್ಲಿ ಬಡತನವಿರಲಿಲ್ಲ. ಧಾರವಾಡ ಸೀಮೆಯ ಹತ್ತಿಯು ಹತ್ತೊಂಬತ್ತನೆಯ ಶತಮಾನದಲ್ಲಿ ಕುಮಟೆಯ ಬಂದರಿನಿಂದ ಹಡಗನ್ನೇರಿ ಹೋಗುತ್ತಿದ್ದುದರಿಂದಲೇ ಆ ಹತ್ತಿಗೆ ಪೇಟೆಯಲ್ಲಿ ಕುಮಟಾ ಎಂಬ ಹೆಸರು ಬಂದಿತು.

ಈಗ ಕಾಲವು ಬದಲಾಗಿದೆ. ಪಟ್ಟಣದ ದಂತವೈದ್ಯನು ಹಲ್ಲನ್ನು ಕಿತ್ತು, ಅದೇ ಕುಳಿತದಲ್ಲಿ, ರಕ್ತವು ಆರುವ ಮೊದಲೇ, ಆ ಕುಳಿಯಲ್ಲಿ ಟೈಟೇನಿಯಮ್ ಲೋಹದ ಬೇರನ್ನು ತಿರುಪಿ ನೆಡುತ್ತಾನೆ. ಜನರು ಇದನ್ನು ಇಂಪ್ಲಾಂಟ್ ಎಂದೇ ಕರೆಯುವರು. ಕೆಲವು ತಿಂಗಳ ಮೇಲೆ ಆ ಬೇರಿನ ತಲೆಗೆ ಹಲ್ಲಿನ ಆಕಾರದ ಕ್ಯಾಪನ್ನು ಕೂರಿಸಿದರೆ ಹೋದ ಹಲ್ಲು ಮರಳಿ ಬಂದಂತೆಯೇ. ಇದು ತೀರ ಹೊಸ ಕಾಲದ ಚಮತ್ಕಾರವೆಂದು ನಮ್ಮ ಮನೆಗಳಲ್ಲಿ ಮಾತನಾಡುವುದುಂಟು. ಚರಿತ್ರೆಯನ್ನು ನೋಡಿದರೆ ವಿಷಯವು ಬೇರೆಯೇ ಆಗಿದೆ. ಕಿತ್ತ ಕುಳಿಯಲ್ಲಿ ಕೂಡಲೇ ಏನನ್ನಾದರೂ ನೆಡಬೇಕೆಂಬುದು ಮನುಷ್ಯನಿಗೆ ತೋಚಿದ ಮೊದಲಿನ ವಿಚಾರ. ಕಾಯಬೇಕೆಂಬ ವಿವೇಕವೇ ನಿಜವಾಗಿ ಈಚಿನದು. ಆ ವಿವೇಕವು ಬಂದ ಮೇಲೆ ಮತ್ತೆ ಅವಸರಕ್ಕೆ ಮರಳಿದ ಬಗೆಯನ್ನು ಇಲ್ಲಿ ಸ್ವಲ್ಪದಲ್ಲಿ ಹೇಳಲು ಯತ್ನಿಸಿದೆ.

ನಮ್ಮ ದೇಶದ ಪ್ರಾಚೀನ ಶಸ್ತ್ರವೈದ್ಯದಿಂದಲೇ ಆರಂಭಿಸೋಣ. ಸುಶ್ರುತ ಸಂಹಿತೆಯಲ್ಲಿ ಹಲ್ಲಿನ ರೋಗಗಳೂ, ಹಲ್ಲಿನ ಕೆಲಸಕ್ಕೆ ಬೇಕಾದ ದಂತಶಂಕುವೆಂಬ ಉಪಕರಣವೂ ಹೇಳಲ್ಪಟ್ಟಿವೆ. ಮುರಿದ ಎಲುಬುಗಳ ಚಿಕಿತ್ಸೆಯನ್ನು ವಿವರಿಸುವ ಅಧ್ಯಾಯದಲ್ಲಿ ಒಂದು ಮಾತು ನಮ್ಮ ವಿಷಯಕ್ಕೆ ಬಹಳ ಸಮೀಪವಾದುದು. ತರುಣನ ಹಲ್ಲು ಮುರಿಯದೆ, ಪೆಟ್ಟಿನಿಂದ ಅಲುಗಾಡಿ ರಕ್ತ ಬರುತ್ತಿದ್ದರೆ ಅದನ್ನು ಕಿತ್ತೊಗೆಯಬಾರದು. ಅದರ ಸ್ಥಾನಕ್ಕೆ ಒತ್ತಿ ಕೂರಿಸಿ, ಹೊರಗಿನಿಂದ ತಂಪಾದ ಲೇಪವನ್ನು ಹಚ್ಚಿ, ತಣ್ಣೀರು ಎರೆದು, ಕೂಡಿಸುವ ಗುಣವುಳ್ಳ ಔಷಧಗಳಿಂದ ಉಪಚರಿಸಬೇಕು. ಆ ರೋಗಿಯು ನೈದಿಲೆಯ ದಂಟಿನಿಂದ ಹಾಲನ್ನು ಹೀರಿ ಕುಡಿಯಬೇಕು. ಮುದುಕನಾದರೆ ಅಲುಗಾಡುವ ಹಲ್ಲಿನ ಆಶೆಯನ್ನು ಬಿಡಬೇಕು. ಇಂದು ಆಟದ ಬಯಲಿನಲ್ಲಿ ಬಿದ್ದು ಹಲ್ಲು ಕಳಚಿದ ಹುಡುಗನಿಗೆ ವೈದ್ಯರು ಮಾಡುವುದೂ ಇದನ್ನೇ. ನೈದಿಲೆಯ ದಂಟಿನ ಸ್ಥಾನದಲ್ಲಿ ಕಾಗದದ ಕೊಳವೆ ಬಂದಿರಬಹುದು, ಅಷ್ಟೆ. ಹಲ್ಲಿಗೂ ದವಡೆಗೂ ನಡುವಿನ ಬಂಧವು ಎಳೆಯ ವಯಸ್ಸಿನಲ್ಲಿ ಮತ್ತೆ ಕೂಡಬಲ್ಲುದೆಂಬುದನ್ನು ಆ ಕಾಲದ ವೈದ್ಯನು ಕಣ್ಣಿನಿಂದ ಕಂಡೇ ಬರೆದಿರಬೇಕು.

ಅದೇ ಗ್ರಂಥದಲ್ಲಿ ಇನ್ನೊಂದು ಎಚ್ಚರಿಕೆಯಿದೆ. ಗಟ್ಟಿಯಾಗಿ ನಾಟಿಕೊಂಡ ಮೇಲಿನ ಹಲ್ಲನ್ನು ಬೇರುಸಹಿತ ಕಿತ್ತರೆ ಅತಿಯಾಗಿ ರಕ್ತವು ಹೋಗಿ ಮನುಷ್ಯನು ಒಕ್ಕಣ್ಣನಾಗುವನು, ಮುಖವು ಸೊಟ್ಟಗಾಗುವುದು. ಆದುದರಿಂದ ಅಲುಗಾಡುತ್ತಿದ್ದರೂ ಮೇಲಿನ ಹಲ್ಲನ್ನು ವೈದ್ಯನು ತೆಗೆಯಬಾರದು ಎಂದು ಅಲ್ಲಿ ಹೇಳಿದೆ. ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುವುದೆಂದು ನಮ್ಮ ಹಳ್ಳಿಗಳ ಮುದುಕಿಯರು ಇಂದಿಗೂ ಹೇಳುವರಲ್ಲವೆ? ಆ ಭಯದ ವಂಶಾವಳಿಯು ಎಷ್ಟು ಹಳೆಯದೆಂಬುದನ್ನು ವಾಚಕರು ಗಮನಿಸಬೇಕು. ರಕ್ತವನ್ನು ನಿಲ್ಲಿಸುವ, ಕೀವನ್ನು ತಡೆಯುವ ಸಾಧನಗಳಿಲ್ಲದ ಕಾಲದಲ್ಲಿ ಅದು ಮೂಢತೆಯಾಗಿರಲಿಲ್ಲ. ಈಗ ಹಲ್ಲಿಗೂ ದೃಷ್ಟಿಗೂ ಅಂಥ ಸಂಬಂಧವಿಲ್ಲವೆಂಬುದು ಸಿದ್ಧವಾಗಿದ್ದರೂ, ಆ ಹೆದರಿಕೆಯಿಂದಲೇ ಕೊಳೆತ ಹಲ್ಲನ್ನು ಬಾಯಲ್ಲಿ ಇಟ್ಟುಕೊಂಡು ದವಡೆಯ ಎಲುಬನ್ನೇ ಕಳೆದುಕೊಳ್ಳುವವರು ನಮ್ಮಲ್ಲಿ ಕಡಿಮೆಯಿಲ್ಲ. ಎಲುಬು ಹೋದ ಮೇಲೆ ಬೇರು ನೆಡುವುದೆಲ್ಲಿ?

ಇನ್ನು ಹೊರಗಿನ ಲೋಕಕ್ಕೆ ಬರೋಣ. 1931ರಲ್ಲಿ ಮಧ್ಯ ಅಮೆರಿಕದ ಹೊಂಡುರಾಸ್ ದೇಶದ ಉಲುವಾ ಕಣಿವೆಯಲ್ಲಿ ಮಾಯಾ ಜನಾಂಗದವರದೆನ್ನಲಾದ ಒಂದು ಕೆಳದವಡೆಯ ತುಂಡು ನೆಲದಿಂದ ದೊರೆಯಿತು. ಅದರ ಕಾಲವು ಕ್ರಿಸ್ತಶಕ 600ರ ಸುಮಾರಿನದೆಂದು ವಿದ್ವಾಂಸರ ಮತ. ಅದರಲ್ಲಿ ಮುಂದಿನ ಮೂರು ಹಲ್ಲುಗಳ ಕುಳಿಗಳಲ್ಲಿ ಹಲ್ಲಿನಂತೆಯೇ ತಿದ್ದಿದ ಕಡಲ ಚಿಪ್ಪಿನ ಮೂರು ಚೂರುಗಳು ನಾಟಿದ್ದವು. ಸತ್ತವನ ಅಲಂಕಾರಕ್ಕಾಗಿ ಹೀಗೆ ಮಾಡಿರಬೇಕೆಂದು ಬಹುಕಾಲ ತಿಳಿಯಲಾಗಿತ್ತು. 1970ರಲ್ಲಿ ಬ್ರಾಜಿಲ್ ದೇಶದ ಬೊಬಿಯೊ ಎಂಬ ದಂತವೈದ್ಯನು ಆ ದವಡೆಯ ಕ್ಷಕಿರಣ ಚಿತ್ರವನ್ನು ಪರೀಕ್ಷಿಸಿ, ಚಿಪ್ಪಿನ ಸುತ್ತ ಎಲುಬು ಹೊಸದಾಗಿ ಬೆಳೆದುದನ್ನು ತೋರಿಸಿದನು. ಎಂದರೆ, ಬದುಕಿದ್ದ ಮನುಷ್ಯನ ಬಾಯಲ್ಲಿಯೇ ಅವು ನೆಡಲ್ಪಟ್ಟಿದ್ದವು. ನಮ್ಮ ಅಘನಾಶಿನಿಯ ಅಳಿವೆಯಲ್ಲಿಯೂ ಚಿಪ್ಪು ಹೇರಳ. ನಾವು ಅದನ್ನು ಸುಟ್ಟು ಸುಣ್ಣಮಾಡಿ ಕವಳಕ್ಕೆ ಹಚ್ಚಿದೆವು; ಆ ಸುಣ್ಣವು ಹಲ್ಲಿನ ಬುಡದಲ್ಲಿ ಕಿಟ್ಟಗಟ್ಟಿ ಒಸಡನ್ನು ಸಡಿಲಿಸಿತು. ಒಂದೇ ಚಿಪ್ಪು ಒಂದು ಕಡೆ ಹಲ್ಲಾಯಿತು, ಇನ್ನೊಂದು ಕಡೆ ಹಲ್ಲಿಗೆ ಶತ್ರುವಾಯಿತು.

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಕಥೆಯು ಇದಕ್ಕಿಂತ ಕರಾಳವಾದುದು, ಮತ್ತು ವಿಸ್ತಾರವಾಗಿ ಹೇಳತಕ್ಕುದು. ಆಗ ಸಕ್ಕರೆಯು ಸಿರಿವಂತರ ಮನೆಗಳಲ್ಲಿ ತುಂಬಿ ತುಳುಕುತ್ತಿದ್ದಿತು. ಅದರೊಡನೆ ಹುಳುಕು ಹಲ್ಲುಗಳೂ ತುಂಬಿದವು. ಜಾನ್ ಹಂಟರ್ (1728–1793) ಎಂಬ ಪ್ರಖ್ಯಾತ ಶಸ್ತ್ರವೈದ್ಯನು 1771ರಲ್ಲಿ ಮನುಷ್ಯರ ಹಲ್ಲುಗಳ ಪ್ರಕೃತಿ ಚರಿತ್ರೆಯನ್ನು ಕುರಿತು ಗ್ರಂಥವನ್ನು ಪ್ರಕಟಿಸಿದನು. ಜೀವಿಯ ದೇಹದಲ್ಲಿ ಒಂದೆಡೆಯಿಂದ ತೆಗೆದ ಅಂಗವು ಮತ್ತೊಂದೆಡೆ ಬದುಕಬಲ್ಲುದೆಂಬುದು ಅವನ ನಂಬಿಕೆ. ಅದನ್ನು ತೋರಿಸಲು ಅವನು ಮನುಷ್ಯನ ಹಲ್ಲೊಂದನ್ನು ಹುಂಜದ ಜುಟ್ಟಿನಲ್ಲಿ ನೆಟ್ಟನು. ಹುಂಜದ ಆ ತಲೆಯನ್ನು ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿ ಈಗಲೂ ಕಾಪಾಡಿಟ್ಟಿದ್ದಾರೆ. ಈ ಪ್ರಯೋಗದ ಬಲದ ಮೇಲೆ ಒಂದು ವ್ಯಾಪಾರವೇ ಬೆಳೆಯಿತು. ಸಿರಿವಂತಳ ಕೆಟ್ಟ ಹಲ್ಲನ್ನು ಕಿತ್ತ ಕ್ಷಣದಲ್ಲಿಯೇ, ಪಕ್ಕದಲ್ಲಿ ಕುಳ್ಳಿರಿಸಿದ ಬಡ ಹುಡುಗಿಯ ಒಳ್ಳೆಯ ಹಲ್ಲನ್ನು ಕಿತ್ತು, ಇನ್ನೂ ಬಿಸಿಯಾಗಿರುವಾಗಲೇ ಆ ಕುಳಿಯಲ್ಲಿ ಕೂರಿಸಿ ನೂಲಿನಿಂದ ಪಕ್ಕದ ಹಲ್ಲುಗಳಿಗೆ ಕಟ್ಟುವರು. ಮೊದಲಿನವಳ ಹಲ್ಲು ಸರಿಹೊಂದದಿದ್ದರೆ ಎಂದು ಹಂಟರನು ಹಲವರನ್ನು ಸಿದ್ಧವಾಗಿ ನಿಲ್ಲಿಸಿಕೊಂಡಿರಬೇಕೆಂದು ಸಲಹೆ ಕೊಟ್ಟನು. ಹೊಂದದೆ ಹೋದ ಹಲ್ಲಿನವಳ ಬಾಯಿಯ ಗತಿಯೇನೆಂಬುದಕ್ಕೆ ಆ ವ್ಯಾಪಾರದಲ್ಲಿ ಸ್ಥಳವಿರಲಿಲ್ಲ.

ಇದನ್ನು ಆ ಕಾಲದವರೆಲ್ಲರೂ ಮೌನವಾಗಿ ಸಹಿಸಿದರೆನ್ನಲಾಗದು. 1787ರಲ್ಲಿ ಥಾಮಸ್ ರೌಲಂಡ್‌ಸನ್ ಎಂಬ ವ್ಯಂಗ್ಯಚಿತ್ರಕಾರನು ಈ ಹಲ್ಲು ಕಸಿಯನ್ನು ಚಿತ್ರಿಸಿದನು. ಅದರಲ್ಲಿ ಹೊಗೆಗೂಡು ಗುಡಿಸುವ ಮಸಿ ಮೈಯ ಬಾಲಕನ ಹಲ್ಲನ್ನು ವೈದ್ಯನು ಎಳೆಯುತ್ತಿದ್ದಾನೆ. ಒಳ್ಳೆಯ ಉಡುಪಿನ ಸ್ತ್ರೀಯು ಪಕ್ಕದಲ್ಲಿ ಕಾದಿದ್ದಾಳೆ. ಹಲ್ಲು ಕಳೆದುಕೊಂಡ ಬಡ ಮಕ್ಕಳು ಕೆನ್ನೆ ಹಿಡಿದುಕೊಂಡು ಬಾಗಿಲಿನಿಂದ ಹೊರಬೀಳುತ್ತಿದ್ದಾರೆ. ಜೀವಂತ ಹಲ್ಲಿಗೆ ಒಳ್ಳೆಯ ಬೆಲೆ ಕೊಡಲಾಗುವುದೆಂಬ ಫಲಕವು ಬಾಗಿಲಿನ ಮೇಲಿದೆ. ಅಮೆರಿಕದಲ್ಲಿಯೂ ಇದೇ ಬಗೆ. ಜಾರ್ಜ್ ವಾಷಿಂಗ್ಟನ್ನನ ಮನೆಯ 1784ರ ಲೆಕ್ಕದ ಪುಸ್ತಕದಲ್ಲಿ, ಕರಿಯ ಜನರಿಗೆ ಒಂಬತ್ತು ಹಲ್ಲುಗಳ ಬಾಬ್ತು ಹಣ ಕೊಟ್ಟ ದಾಖಲೆಯಿದೆ. ಆ ಎಸ್ಟೇಟಿನಲ್ಲಿ ಕರಿಯ ಜನರೆಂದರೆ ಗುಲಾಮರು. ಗುಲಾಮನು ತನ್ನ ಹಲ್ಲನ್ನು ಮಾರಿದನೆಂಬ ವಾಕ್ಯದಲ್ಲಿ ಮಾರಿದನೆಂಬ ಶಬ್ದಕ್ಕೆ ಎಷ್ಟು ಅರ್ಥವುಂಟೆಂದು ವಾಚಕರೇ ನಿರ್ಣಯಿಸಲಿ.

ಈ ವ್ಯಾಪಾರವನ್ನು ಕೊನೆಗಾಣಿಸಿದುದು ಕರುಣೆಯಲ್ಲ, ರೋಗ. ಕಸಿ ಮಾಡಿದ ಹಲ್ಲಿನೊಡನೆ ಫಿರಂಗಿ ರೋಗವೂ ಬರುವುದೆಂಬ ಸಂಶಯವು 1780ರ ದಶಕದಲ್ಲಿ ವೈದ್ಯರಲ್ಲಿ ಬಲವಾಯಿತು. ಪರದೇಶದವರಿಂದ ಬಂದುದೆಂದು ಹದಿನಾರನೆಯ ಶತಮಾನದಲ್ಲಿ ನಮ್ಮ ಭಾವಮಿಶ್ರನೇ ಆ ರೋಗಕ್ಕೆ ಈ ಹೆಸರನ್ನು ದಾಖಲಿಸಿರುವನೆಂಬುದನ್ನು ಇಲ್ಲಿ ನೆನೆಯಬಹುದು. ಅದಲ್ಲದೆ, ಪರರ ಹಲ್ಲು ಬಹುಕಾಲ ನಿಲ್ಲುತ್ತಲೂ ಇರಲಿಲ್ಲ. ದೇಹವು ಅನ್ಯವಸ್ತುವಿನ ಬೇರನ್ನು ಮೆಲ್ಲಮೆಲ್ಲನೆ ಕರಗಿಸಿಬಿಡುವುದು.

ಪರರ ಹಲ್ಲು ಬೇಡವಾದರೆ ಲೋಹವಾಗಲಿ ಎಂದು ಹೊರಟವನು ಫ್ರಾನ್ಸಿನ ಮಾಜಿಯೋಲೊ. 1809ರ ತನ್ನ ಗ್ರಂಥದಲ್ಲಿ ಅವನು ಬಂಗಾರದ ಬೇರನ್ನು ಮಾಡಿ, ಹಲ್ಲು ಕಿತ್ತ ಹಸಿ ಕುಳಿಯಲ್ಲಿಯೇ ಅದನ್ನು ನೆಟ್ಟು, ಒಸಡು ಆರಿದ ಮೇಲೆ ಅದರ ಮೇಲೆ ಹಲ್ಲನ್ನು ಕೂರಿಸುವ ಕ್ರಮವನ್ನು ವಿವರಿಸಿರುವನು. ಇಂದಿನ ತತ್‌ಕ್ಷಣದ ಇಂಪ್ಲಾಂಟಿನ ನೇರ ಪೂರ್ವಜನೆಂದರೆ ಇವನೇ. ಆದರೆ ಬಂಗಾರವು ಎಷ್ಟೇ ಶುದ್ಧವಾಗಿದ್ದರೂ ಎಲುಬು ಅದನ್ನು ಅಪ್ಪಲಿಲ್ಲ. ಕುಳಿಯು ಉರಿದು ನೋಯತೊಡಗಿತು. ಅಲ್ಲಿಂದ ಮುಂದೆ ನೂರು ವರ್ಷಗಳ ಕಾಲ ಸೀಸ, ಬೆಳ್ಳಿ, ಪ್ಲಾಟಿನಮ್, ಪಿಂಗಾಣಿ ಎಲ್ಲವನ್ನೂ ಯಾರಾದರೊಬ್ಬರು ಪರೀಕ್ಷಿಸಿದರು. 1913ರಲ್ಲಿ ಅಮೆರಿಕದ ಗ್ರೀನ್‌ಫೀಲ್ಡನು ಇರಿಡಿಯಮ್-ಪ್ಲಾಟಿನಮ್ ತಂತಿಯ ಪುಟ್ಟ ಪಂಜರವನ್ನು ದವಡೆಯಲ್ಲಿ ನೆಟ್ಟನು. 1930ರ ದಶಕದ ಕೊನೆಯಲ್ಲಿ ಬಾಸ್ಟನ್ ನಗರದ ಸ್ಟ್ರಾಕನು ವೈಟಾಲಿಯಮ್ ಎಂಬ ಮಿಶ್ರಲೋಹದ ತಿರುಪನ್ನು ಹಲ್ಲಿನ ಕುಳಿಗೇ ತಿರುಪಿದನು. ಕೆಲವು ನಿಂತವು, ಹಲವು ನಿಲ್ಲಲಿಲ್ಲ. ಏಕೆಂಬುದು ಯಾರಿಗೂ ತಿಳಿಯಲಿಲ್ಲ.

ತಿಳಿದುದು ಸ್ವೀಡನ್ನಿನಲ್ಲಿ, ಅದೂ ಹಲ್ಲನ್ನು ನೆನೆಯದವನಿಂದ. 1952ರ ಸುಮಾರಿಗೆ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ (1929–2014) ಎಂಬ ತರುಣ ಸಂಶೋಧಕನು ಎಲುಬಿನೊಳಗೆ ರಕ್ತವು ಹರಿಯುವ ಬಗೆಯನ್ನು ನೋಡಲೆಂದು ಮೊಲದ ಕಾಲಿನ ಎಲುಬಿನಲ್ಲಿ ಟೈಟೇನಿಯಮ್ ಲೋಹದ ಸಣ್ಣ ಕೋಶವೊಂದನ್ನು ಇಟ್ಟಿದ್ದನು. ಪ್ರಯೋಗವು ಮುಗಿದ ಮೇಲೆ, ಬೆಲೆಬಾಳುವ ಆ ಕೋಶವನ್ನು ತೆಗೆದು ಮತ್ತೊಂದು ಮೊಲಕ್ಕೆ ಉಪಯೋಗಿಸಬೇಕೆಂದರೆ, ಅದು ಬರಲೊಲ್ಲದು! ಎಲುಬು ಲೋಹವನ್ನು ಬಿಗಿದಪ್ಪಿದ್ದಿತು. ಈ ಟೈಟೇನಿಯಮ್ ಮೊದಲು ಕಾಣಿಸಿಕೊಂಡುದು 1791ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ತೊರೆಯ ಕರಿಯ ಮರಳಿನಲ್ಲಿ. ನಮ್ಮ ಪಶ್ಚಿಮ ಕರಾವಳಿಯನ್ನೇ ಹಿಡಿದು ದಕ್ಷಿಣಕ್ಕೆ ಹೋದರೆ ಕೇರಳದ ಚವರದ ಕಡಲಮರಳಿನಲ್ಲಿಯೂ ಅದರ ಅದಿರು ಧಾರಾಳವಾಗಿದೆ.

1965ರಲ್ಲಿ ಬ್ರೋನೆಮಾರ್ಕನು ಯೋಸ್ಟಾ ಲಾರ್ಸನ್ ಎಂಬ ಮನುಷ್ಯನ ಕೆಳದವಡೆಯಲ್ಲಿ ನಾಲ್ಕು ಟೈಟೇನಿಯಮ್ ಬೇರುಗಳನ್ನು ನೆಟ್ಟನು. ಹುಟ್ಟಿನಿಂದಲೇ ದವಡೆಯು ವಿಕಾರವಾಗಿ, ಕೆಳಗಿನ ಹಲ್ಲುಗಳೇ ಇಲ್ಲದಿದ್ದ ಆತನು 2006ರಲ್ಲಿ ತೀರಿಕೊಳ್ಳುವವರೆಗೂ ಆ ಬೇರುಗಳ ಮೇಲೆಯೇ ಅಗಿದನು. ಈ ಯಶಸ್ಸಿನ ಗುಟ್ಟು ಲೋಹದಲ್ಲಿ ಎಷ್ಟಿತ್ತೋ ಕಾಯುವಿಕೆಯಲ್ಲಿಯೂ ಅಷ್ಟೇ ಇದ್ದಿತು. ಹಲ್ಲು ಕಿತ್ತ ಮೇಲೆ ಕುಳಿಯು ಎಲುಬಿನಿಂದ ತುಂಬುವವರೆಗೆ ತಿಂಗಳುಗಟ್ಟಲೆ ಕಾಯಬೇಕು. ಬೇರನ್ನು ನೆಟ್ಟ ಮೇಲೆ ಅದನ್ನು ಒಸಡಿನಿಂದ ಮುಚ್ಚಿ ಕೆಳದವಡೆಯಲ್ಲಿ 3 ತಿಂಗಳು, ಮೇಲ್ದವಡೆಯಲ್ಲಿ 6 ತಿಂಗಳು ಅದನ್ನು ಮುಟ್ಟಲೇಬಾರದು. ಹಲ್ಲು ಕೂರಿಸುವುದು ಅದಾದ ನಂತರ. ಅಡಿಕೆಯ ಸಸಿಯನ್ನು ನೆಟ್ಟವನು ಫಸಲಿಗೆ ವರ್ಷಗಟ್ಟಲೆ ಕಾಯುವ ನಮ್ಮ ತೋಟಿಗರಿಗೆ ಈ ನೀತಿಯು ವಿಚಿತ್ರವೆನಿಸದು. ಪಾಶ್ಚಾತ್ಯ ದಂತವೈದ್ಯರಿಗೆ ಮಾತ್ರ ಇದು ನಂಬಿಕೆಗೆ ಬರಲಿಲ್ಲ. 1982ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಕೂಡಿದ ಸಭೆಯಲ್ಲಿ ಬ್ರೋನೆಮಾರ್ಕನ ಹದಿನೈದು ವರ್ಷಗಳಿಗೂ ಮಿಕ್ಕಿದ ದಾಖಲೆಗಳನ್ನು ನೋಡಿದ ಮೇಲೆಯೇ ಜಗತ್ತು ತಲೆಯಾಡಿಸಿತು.

ತಲೆಯಾಡಿಸಿದವರೇ ಬಹುಬೇಗ ಅವಸರಪಟ್ಟರೆಂಬುದೂ ನಿಜ. ಅದಕ್ಕೂ ಮೊದಲೇ, 1970ರ ದಶಕದಲ್ಲಿ ಜರ್ಮನಿಯ ಟ್ಯೂಬಿಂಗೆನ್ ನಗರದ ಶುಲ್ಟೆ ಎಂಬವನು ಅಲ್ಯುಮಿನಿಯಮ್ ಆಕ್ಸೈಡಿನ ಪಿಂಗಾಣಿ ಬೇರನ್ನು ಕಿತ್ತ ಕುಳಿಯಲ್ಲಿ ಕೂಡಲೇ ನೆಡುವ ಕ್ರಮವನ್ನು ಆಚರಣೆಗೆ ತಂದಿದ್ದನು. 1989ರಲ್ಲಿ ಅಮೆರಿಕದ ಲಜ್ಜಾರನು ಟೈಟೇನಿಯಮ್ ಬೇರಿನಿಂದಲೇ ಹಾಗೆ ಮಾಡಿದ ವರದಿಯನ್ನು ಪ್ರಕಟಿಸಿದನು. ಇದರ ಹಿಂದಿನ ತರ್ಕವು ಆಕರ್ಷಕವಾದುದು. ಹಲ್ಲು ಹೋದ ಕುಳಿಯ ಎಲುಬು ಸವೆಯುತ್ತದೆ. ಆದುದರಿಂದ ಅದು ಸವೆಯುವ ಮೊದಲೇ ಬೇರನ್ನು ಕೊಟ್ಟರೆ ಎಲುಬು ಮೋಸಹೋಗಿ ಹಾಗೆಯೇ ನಿಲ್ಲಬಹುದಲ್ಲವೆ? ಸವೆಯುವುದಂತೂ ಸತ್ಯ. 2003ರಲ್ಲಿ ಡೆನ್ಮಾರ್ಕಿನ ಶ್ರಾಪ್ ಮತ್ತು ಸಂಗಡಿಗರು ಅಳೆದು ತೋರಿಸಿದ ಪ್ರಕಾರ, ಹಲ್ಲು ಕಿತ್ತ 12 ತಿಂಗಳಲ್ಲಿ ದವಡೆಯ ಏಣಿನ ಅಗಲವು ಸುಮಾರು ಅರ್ಧದಷ್ಟು ಕುಗ್ಗುತ್ತದೆ. ಅದರಲ್ಲಿ ಮೂರರಲ್ಲಿ ಎರಡು ಪಾಲು ಮೊದಲಿನ 3 ತಿಂಗಳಲ್ಲಿಯೇ ಆಗಿಹೋಗುತ್ತದೆ.

ಆದರೆ ಎಲುಬು ಮೋಸಹೋಗಲಿಲ್ಲ. 2005ರಲ್ಲಿ ಬ್ರಾಜಿಲಿನ ಅರೌಜೊ ಎಂಬವನೂ, ಬ್ರೋನೆಮಾರ್ಕನ ಊರಾದ ಗೋಥೆನ್‌ಬರ್ಗಿನ ಲಿಂಡೆ ಎಂಬವನೂ ಕೂಡಿ ನಾಯಿಗಳಲ್ಲಿ ಪರೀಕ್ಷಿಸಿ, ಹಸಿ ಕುಳಿಯಲ್ಲಿ ಬೇರನ್ನು ನೆಟ್ಟರೂ ಹೊರಗಿನ ಗೋಡೆಯು ಸವೆಯುವುದು ನಿಲ್ಲದೆಂದು ತೋರಿಸಿದರು. ಕಾರಣವೇನೆಂದರೆ, ಹಲ್ಲಿನ ಬೇರಿಗೂ ದವಡೆಗೂ ನಡುವೆ ನಾರಿನ ಒಂದು ಬಂಧವುಂಟು. ಆ ನಾರುಗಳು ಊರಿದ ತೆಳುವಾದ ಎಲುಬಿನ ಪದರವು ಹಲ್ಲಿನ ಋಣದಲ್ಲಿಯೇ ಬದುಕಿರುವುದು. ಹಲ್ಲು ಹೋದೊಡನೆ ಅದರ ಋಣವೂ ತೀರಿತು. ಲೋಹದ ಬೇರಿಗೆ ಅಂಥ ನಾರಿಲ್ಲ. ಮುಂಬಾಯಿಯಲ್ಲಿ ಹೊರಗೋಡೆಯು ಬಹಳ ತೆಳುವಾದುದರಿಂದ, ಆತುರದಲ್ಲಿ ನೆಟ್ಟ ಬೇರಿನ ಮುಂದೆ ವರ್ಷ ಕಳೆಯುವುದರೊಳಗೆ ಒಸಡು ಹಿಂಜರಿದು ಲೋಹದ ಕಪ್ಪು ನೆರಳು ತೋರಬಹುದು.

ಹೀಗಾಗಿ ಇಂದಿನ ಪದ್ಧತಿಯು ಎರಡರ ನಡುವೆ ನಿಂತಿದೆ. ಕಿತ್ತ ಕೂಡಲೇ, ಒಸಡು ಮುಚ್ಚಿದ 4ರಿಂದ 8 ವಾರಗಳಲ್ಲಿ, ಎಲುಬು ಸಾಕಷ್ಟು ತುಂಬಿದ 12ರಿಂದ 16 ವಾರಗಳಲ್ಲಿ, ಪೂರ್ತಿ ಆರಿದ 6 ತಿಂಗಳ ಮೇಲೆ ಎಂದು ನಾಲ್ಕು ಕಾಲಗಳನ್ನು 2004ರಿಂದೀಚೆಗೆ ವೈದ್ಯರು ಹೆಸರಿಸಿಕೊಂಡಿರುವರು. ಕೂಡಲೇ ನೆಡಬೇಕಾದರೆ ಹಲ್ಲನ್ನು ಗೋಡೆ ಬಿರಿಯದಂತೆ ನಯವಾಗಿ ಎತ್ತಬೇಕು, ಕೀವು ತುಂಬಿರಬಾರದು, ಕುಳಿಯ ತಳವನ್ನು ಮೀರಿ ಇನ್ನೂ ಕೆಲವು ಮಿಲಿಮೀಟರಿನಷ್ಟು ಗಟ್ಟಿ ಎಲುಬು ದೊರೆತು ತಿರುಪು ಅಲ್ಲಿಯೇ ಬಿಗಿಯಾಗಿ ಕಚ್ಚಬೇಕು, ಬೇರಿಗೂ ಹೊರಗೋಡೆಗೂ ನಡುವೆ ಉಳಿದ ಎಡೆಯಲ್ಲಿ ಎಲುಬಿನ ಪುಡಿಯನ್ನು ತುಂಬಬೇಕು. ಇವೆಲ್ಲ ಕೂಡಿದರೆ ಕೂಡಲೇ ನೆಟ್ಟುದೂ ಕಾದು ನೆಟ್ಟುದೂ ಉಳಿಯುವುದರಲ್ಲಿ ದೊಡ್ಡ ಅಂತರವಿಲ್ಲ. ಕೂಡದಿದ್ದರೆ ಕಾಯುವುದೇ ಮೇಲು. ಎಲ್ಲರಿಗೂ ಅದೇ ದಿನ ಮಾಡಿಕೊಡುವೆವೆಂದು ಫಲಕ ಹಾಕುವವರ ವಿಷಯದಲ್ಲಿ ವಾಚಕರು ರೌಲಂಡ್‌ಸನ್ನನ ಚಿತ್ರದ ಫಲಕವನ್ನು ನೆನೆದರೆ ತಪ್ಪೇನೂ ಇಲ್ಲ.

ನಮ್ಮ ಜಿಲ್ಲೆಗೆ ಈ ವಿದ್ಯೆಯು ದೂರದಿಂದ ಬಂದಿತು. 1862ರಿಂದ 1956ರ ವರೆಗೆ ಉತ್ತರ ಕನ್ನಡವು ಮುಂಬಯಿ ಆಡಳಿತಕ್ಕೆ ಸೇರಿದ್ದುದರಿಂದ, ಅನುಕೂಲವಿದ್ದವರು ಹಬೆಯ ಹಡಗನ್ನೇರಿ ಮುಂಬಯಿಗೇ ಹೋಗುತ್ತಿದ್ದರು. ಮುಂದೆ ನಾಯರ್ ಹೆಸರಿನಿಂದ ಪ್ರಸಿದ್ಧವಾದ ದಂತ ಕಾಲೇಜು ಅಲ್ಲಿ 1933ರಲ್ಲಿ ಆರಂಭವಾಯಿತು. ಯಾರು ಬೇಕಾದರೂ ಹಲ್ಲಿನ ವೈದ್ಯನೆನಿಸಿಕೊಳ್ಳಬಹುದೆಂಬ ಸ್ಥಿತಿಯನ್ನು 1948ರ ದಂತವೈದ್ಯರ ಕಾಯಿದೆಯು ಕೊನೆಗಾಣಿಸಿತು. ಕನ್ನಡ ನಾಡಿನಲ್ಲಿ ಬೆಂಗಳೂರಿನ ಸರಕಾರಿ ದಂತ ಕಾಲೇಜು 1958ರಲ್ಲಿಯೂ, ಮಣಿಪಾಲದ್ದು 1965ರಲ್ಲಿಯೂ, ಧಾರವಾಡದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜು 1986ರಲ್ಲಿಯೂ ತೆರೆದವು. ಯಾಣದ ಕಡೆಯವನಿಗೆ ದಕ್ಷಿಣಕ್ಕೆ ಹೋದರೆ ಮಣಿಪಾಲ, ಘಟ್ಟ ಹತ್ತಿದರೆ ಧಾರವಾಡ. ಎರಡೂ ಒಂದು ದಿನದ ಕೆಲಸವೇ. ಹಲ್ಲು ಕೀಳಲು ಒಮ್ಮೆ, ಬೇರು ನೆಡಲು ಒಮ್ಮೆ, ಒಸಡು ಬಿಡಿಸಲು ಒಮ್ಮೆ, ಅಳತೆಗೆ ಒಮ್ಮೆ, ಕ್ಯಾಪಿಗೆ ಮತ್ತೊಮ್ಮೆ ಎಂದು ಐದಾರು ಸಲ ತೋಟದ ಕೆಲಸವನ್ನು ಬಿಟ್ಟು ಬಸ್ಸು ಹತ್ತಬೇಕಾದವನಿಗೆ, ಮೊದಲಿನೆರಡು ಸಲಗಳು ಒಂದೇ ಆದರೆ ಅದು ಸಣ್ಣ ಉಪಕಾರವಲ್ಲ. ಪಟ್ಟಣವಾಸಿಗೆ ಅವಸರವೆನಿಸುವುದು ಕಾಡಿನವನಿಗೆ ಅನುಕೂಲವಾಗಬಹುದು. ಈ ಒಂದು ಕಾರಣದಿಂದಲೇ, ಕಿತ್ತ ದಿನವೇ ನೆಡುವ ಕ್ರಮವನ್ನು ನಾವು ಪೇಟೆಯ ಆಮಿಷವೆಂದು ತಳ್ಳಿಹಾಕಲಾರೆವು.

ಹಣದ ಮಾತು ಬೇರೆ. ಒಂದೊಂದು ಬೇರಿಗೂ ಹತ್ತಾರು ಸಾವಿರ ರೂಪಾಯಿಗಳು ತಗಲುವುವು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆಗೆ ಈಗ ಕಡಲೆಯೂ ಇಲ್ಲ, ಹಲ್ಲೂ ಇಲ್ಲ ಎಂಬ ಮೂರನೆಯ ತುಂಡನ್ನು ಸೇರಿಸಬೇಕು. 2014-15ರ ಸುಮಾರಿಗೆ ಕರ್ನಾಟಕ ಸರಕಾರವು ಬಡ ವೃದ್ಧರಿಗೆ ಧರ್ಮಾರ್ಥವಾಗಿ ಹಲ್ಲುಸೆಟ್ಟನ್ನು ಕೊಡುವ ದಂತಭಾಗ್ಯ ಯೋಜನೆಯನ್ನು ಆರಂಭಿಸಿತು. ಅದು ಒಸಡಿನ ಮೇಲೆ ಕೂರುವ ಸೆಟ್ಟು; ಎಲುಬಿನಲ್ಲಿ ನೆಡುವ ಬೇರಲ್ಲ. ಆದರೂ ಕುಟ್ಟಾಣಿಯಲ್ಲಿ ಕವಳವನ್ನು ಕುಟ್ಟಿಸಿಕೊಂಡು ಬಾಯಿಗೆ ಹಾಕಿಕೊಳ್ಳುವ ಮುದುಕನಿಗೆ ಅನ್ನವನ್ನಾದರೂ ಅಗಿದು ಉಣ್ಣುವ ಭಾಗ್ಯವು ದೊರೆತರೆ ಅದನ್ನು ಕೀಳೆನ್ನಲಾಗದು.

ಕವಳದ ಮಾತು ಬಂದುದರಿಂದ ನಮ್ಮ ಅಡಿಕೆಯ ನಾಡಿನ ಒಂದು ತೊಡಕನ್ನು ಹೇಳಲೇಬೇಕು. 1952ರಲ್ಲಿ ಶ್ವಾರ್ಟ್ಸ್ ಎಂಬ ವೈದ್ಯನು ಪೂರ್ವ ಆಫ್ರಿಕದಲ್ಲಿ ನೆಲಸಿದ್ದ ಐವರು ಭಾರತೀಯ ಸ್ತ್ರೀಯರ ಬಾಯಿಯ ಒಳಚರ್ಮವು ಬಿಳಿಚಿ, ಬಿಗಿದು, ಬಾಯಿ ತೆರೆಯಲು ಬಾರದಂತಾದುದನ್ನು ವರ್ಣಿಸಿದನು. ಅದಕ್ಕೆ ಮುಖ್ಯ ಕಾರಣವು ಅಡಿಕೆಯೇ ಎಂಬುದು ಆಮೇಲೆ ಸ್ಥಿರಪಟ್ಟಿತು; 2004ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯ ಗ್ರಂಥವು ತಂಬಾಕಿಲ್ಲದ ಅಡಿಕೆಯನ್ನೂ ಕ್ಯಾನ್ಸರಿಗೆ ಕಾರಣವಾದ ವಸ್ತುಗಳ ಸಾಲಿಗೆ ಸೇರಿಸಿತು. ತೋಟವೇ ಅನ್ನವಾದ ಮನೆಗಳಲ್ಲಿ ಈ ಮಾತು ಕಹಿಯಾದುದು. ಹಲ್ಲಿನ ವೈದ್ಯನಿಗೆ ಮಾತ್ರ ಇದು ಲೆಕ್ಕದ ವಿಷಯ. ಯಾಣದ ಕಡೆಯಿಂದ ಬಂದ ರೋಗಿಯ ಎಲುಬಿನ ಚಿತ್ರವನ್ನು ನೋಡುವ ಮೊದಲು ಅವನು ಬಾಯಿ ತೆರೆಸಿ, ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ಎಷ್ಟು ಬೆರಳು ಹಿಡಿಯುವುವೆಂದು ನೋಡುತ್ತಾನೆ. ಮೂರು ಬೆರಳು ಹಿಡಿದರೆ ಮಾತು ಮುಂದುವರಿಯುವುದು. ಒಂದೇ ಬೆರಳು ಹಿಡಿಯುವ ಬಾಯಿಯಲ್ಲಿ ಹಿಂದವಡೆಯವರೆಗೆ ಬೈರಿಗೆಯನ್ನು ಒಯ್ಯುವುದಕ್ಕೆ ಎಡೆಯೇ ಇರುವುದಿಲ್ಲ. ಅಂದು ಕಿತ್ತರೂ ಅಂದೇ ನೆಡಬೇಕೋ, ಕಾದು ನೆಡಬೇಕೋ ಎಂಬ ಪ್ರಶ್ನೆಯು ಅಲ್ಲಿ ಹುಟ್ಟುವುದೇ ಇಲ್ಲ.